ರಕ್ತ ಎಣಿಸುತ್ತದೆ, ಷಡ್ಡಕ ಅಳೆಯುತ್ತಾನೆ

ಮಾರ್ಗಶಿರ ಶುದ್ಧ ದಶಮಿ, ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ಸ್ವಲ್ಪ ಮುಂಚೆ. ಆಧಾರ: ನನ್ನ ಷಡ್ಡಕನ ಫೋನಿನಲ್ಲಿರುವ ಒಂದು ಛಾಯಾಚಿತ್ರ. ಫೋನು ನಮೂದಿಸಿದ ತಾರೀಖನ್ನು ಪಂಚಾಂಗದೊಂದಿಗೆ ತಾಳೆ ನೋಡಿದ್ದೇನೆ. ಚಿತ್ರದಲ್ಲಿ ನಾನು ಹಾಸನದ ನಮ್ಮ ಮನೆಯ ನಡುಮನೆಯಲ್ಲಿ ಎರಡು ಕೈಗಳಲ್ಲೂ ಒಂದೊಂದು ತೆಂಗಿನಕಾಯಿ ಹಿಡಿದು, ಹರಕೆ ಏನೆಂಬುದನ್ನೇ ಮರೆತ ಭಕ್ತನಂತೆ ನಿಂತಿದ್ದೇನೆ. ಶಾಸನಗಳ ಕಾಲನಿರ್ಣಯದಲ್ಲಿ ಜೀವ ಸವೆಸಿದ ಸಂಶೋಧಕನೊಬ್ಬ ನಿವೃತ್ತಿಯ ನಂತರ ಈ ಸ್ಥಿತಿಗೆ ಬಂದದ್ದು ಹೇಗೆ? ಹೊಣೆ ಒಬ್ಬನದೇ: ನನ್ನ ಹೆಂಡತಿಯ ತಂಗಿಯ ಗಂಡ, ಹೊಳೆನರಸೀಪುರದ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು. ಈತನಿಗೆ ಮನುಷ್ಯರು ಕಾಣುವುದೇ ಇಲ್ಲ. ಕಾಣುವುದೇನಿದ್ದರೂ ಆಮ್ಲಗಳು, ಲವಣಗಳು, ಅನಿಲಗಳು!

ಉತ್ಪ್ರೇಕ್ಷೆ ಎನ್ನುತ್ತೀರಾ? ಅರಕಲಗೂಡಿನ ಒಂದು ಮದುವೆಯಲ್ಲಿ ಗಂಡಿನ ತಾಯಿ ಮುನಿಸಿಕೊಂಡು ಕೋಣೆ ಸೇರಿದರು. ಹೆಣ್ಣಿನ ಕಡೆಯವರೆಲ್ಲ ಸಮಾಧಾನಪಡಿಸಲು ಒಟ್ಟಿಗೆ ನುಗ್ಗುವುದರಲ್ಲಿದ್ದಾಗ ಷಡ್ಡಕ ಬಾಗಿಲಿಗೆ ಅಡ್ಡ ನಿಂತ. "ಆಮ್ಲವನ್ನ ನೀರಿಗೆ ಹನಿಹನಿಯಾಗಿ ಬಿಡಬೇಕು ಕಣ್ರಯ್ಯ. ನೀರನ್ನ ಆಮ್ಲಕ್ಕೆ ಸುರಿದ್ರೆ ಮುಖಕ್ಕೇ ಸಿಡಿಯುತ್ತೆ" ಎಂದ. ಅಂದರೆ, ಜನ ಒಳಗೆ ಹೋಗಬಾರದು, ಆಕೆಯನ್ನೇ ಮೆಲ್ಲಗೆ ಜನರ ನಡುವೆ ಕರೆತರಬೇಕು. ಹಾಗೆಯೇ ಮಾಡಿದರು, ಆಕೆ ತಣ್ಣಗಾದರು. ಷಡ್ಡಕ ಅಷ್ಟಕ್ಕೆ ಸುಮ್ಮನಾದನೇ? ಊಟದ ಪಂಕ್ತಿಯಲ್ಲಿ ಆಕೆಯ ಎದುರಿಗೇ ಕುಳಿತು ಈ ತತ್ತ್ವವನ್ನು ಆಕೆಗೇ ವಿವರಿಸಿದ! ಆ ಮನೆಯ ಬಾಗಿಲು ಆತನಿಗೆ ಇನ್ನೂ ತೆರೆದಿಲ್ಲ.

ಆತನ ಕೋಷ್ಟಕದಲ್ಲಿ ನನ್ನ ಸ್ಥಾನ ಜಡ ಅನಿಲದ್ದು. ಬಣ್ಣವಿಲ್ಲ, ವಾಸನೆಯಿಲ್ಲ, ಯಾರೊಡನೆಯೂ ಸೇರುವುದಿಲ್ಲ. ನಾನು ಪ್ರತಿಭಟಿಸಿ, ಹಾಸನದ ಬಳಿಯ ಮೊಸಳೆ ಎಂಬ ಊರಿನ ಅವಳಿ ಗುಡಿಗಳ ಬಗ್ಗೆ ನಾನು ಮಾಡಿದ ಕೆಲಸವನ್ನು ನೆನಪಿಸಿದೆ. "ಒಂದೇ ಥರದ ಎರಡು, ಪಕ್ಕಪಕ್ಕದಲ್ಲಿ. ಆಕ್ಸಿಜನ್ ಅಣು ಅಂತ ಬರೆದು ಮುಗಿಸೋಕೆ ನಿನಗೆ ಅಷ್ಟು ವರ್ಷ ಬೇಕಾಯ್ತಾ?" ಎಂದ. ಕಾಫಿಯನ್ನೂ ಆತ ಅರ್ಧ ಲೋಟ ಎಂದು ಕೇಳುವವನಲ್ಲ. ಎಂಬತ್ತು ಮಿಲಿಲೀಟರ್ ಎನ್ನುತ್ತಾನೆ!

ಇದೆಲ್ಲ ನಮ್ಮ ಮನೆಗೆ ಪಾಠಶಾಲೆಯಾಗಿ ಬಂದದ್ದು ನನ್ನ ಹೆಂಡತಿ ತೀರಿಕೊಂಡ ವರ್ಷ. ಆಕೆ ಹೋದದ್ದು ಆಷಾಢದಲ್ಲಿ. ಕಾಲಾನುಕ್ರಮ ಸ್ಪಷ್ಟವಾಗಿರಲಿ ಎಂಬ ಕಾರಣಕ್ಕಷ್ಟೇ ಇದನ್ನು ಇಲ್ಲಿ ನಮೂದಿಸುತ್ತಿದ್ದೇನೆ. ಷಡ್ಡಕನ ಹಳೆಯ ಶಿಷ್ಯರೊಬ್ಬರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನ ಕಡೆ ತೆಂಗು ಬೆಳೆಯುವವರು. ಅವರ ಮಗಳು ಸಿಂಧು ಹಾಸನದಲ್ಲಿ ವೈದ್ಯಕೀಯ ಮೊದಲ ವರ್ಷಕ್ಕೆ ಸೇರಿದ್ದಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು. ಕಾರ್ತಿಕದಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ರಸಾಯನಶಾಸ್ತ್ರದ ಭಾಗ ಅವಳಿಗೆ ಪೂರ್ತಿ ಕೈಕೊಟ್ಟಿತು. ಇನ್ನೊಂದು ಪರೀಕ್ಷೆ ನೋಡುತ್ತೇನೆ, ಅದರಲ್ಲೂ ಆಗದಿದ್ದರೆ ಬಿಟ್ಟು ಊರಿಗೆ ಬರುತ್ತೇನೆ ಎಂದು ತಂದೆಗೆ ಹೇಳಿಬಿಟ್ಟಿದ್ದಳು. ಹೇಳಿದ್ದನ್ನು ಮಾಡುವ ಪೈಕಿ ಅವಳು.

ಷಡ್ಡಕ ಭಾನುವಾರಗಳಂದು ಬಸ್ಸು ಹತ್ತಿ ಹಾಸನಕ್ಕೆ ಬಂದ. ಆದರೆ ಪಾಠ ಹೇಳಲಿಲ್ಲ. ಅವಳು ನನಗೆ ಪಾಠ ಹೇಳಬೇಕೆಂದು ವಿಧಿಸಿದ! ನನಗೆ ಅರ್ಥವಾಗುವವರೆಗೆ ಮೂವರಿಗೂ ಉಪ್ಪಿಟ್ಟಿಲ್ಲ. ನಾನೇ ಏಕೆ ಎಂದು ಕೇಳಿದ್ದಕ್ಕೆ, "ದಡ್ಡರ ಥರ ನಟಿಸೋರು ಬೇಕಾದಷ್ಟು ಸಿಕ್ತಾರೆ. ಅಪ್ಪಟ ಮಾಲು ಸಿಗೋದು ಕಷ್ಟ" ಎಂಬ ಉತ್ತರ ಬಂತು. ಮೊದಲ ವಾರ ಹಸಿವಿನಿಂದ ಬೇಗನೆ ಅರ್ಥವಾಯಿತೆಂದು ಸುಳ್ಳು ಹೇಳಿದೆ. ಆತ ಒಂದೇ ಪ್ರಶ್ನೆ ಕೇಳಿದ. ಉಪ್ಪಿಟ್ಟು ಮಧ್ಯಾಹ್ನಕ್ಕೆ ಹೋಯಿತು.

ಇನ್ನೊಂದು ಭಾನುವಾರ ಆತ ನಾನು ಪೂಜೆಗೆ ಕಿತ್ತಿಟ್ಟಿದ್ದ ದಾಸವಾಳಗಳನ್ನು ಕುದಿಸಿ, ಎರಡು ಲೋಟಗಳಿಗೆ ಬಗ್ಗಿಸಿದ. ಒಂದಕ್ಕೆ ನಿಂಬೆರಸ ಹಿಂಡಿದ, ಕೆಂಪಾಯಿತು. ಇನ್ನೊಂದಕ್ಕೆ ಬಟ್ಟೆ ಸೋಡಾ ಹಾಕಿದ, ಹಸಿರಾಯಿತು. ಆಮ್ಲಕ್ಕೂ ಕ್ಷಾರಕ್ಕೂ ಇರುವ ವ್ಯತ್ಯಾಸ ತೋರಿಸುವ ಪ್ರಯೋಗವಂತೆ. ನಾನು ಕೆಂಪು ಲೋಟವನ್ನು ಕುಡಿದು ಮುಗಿಸಿ, ಸಕ್ಕರೆ ಸಾಲದೆಂದು ಅಭಿಪ್ರಾಯಪಟ್ಟು, ಹಸಿರಿಗೆ ಕೈ ಹಾಕಿದ್ದೆ. ಆತ ಲೋಟ ಕಸಿದುಕೊಂಡು, ಜಡ ಅನಿಲಕ್ಕೆ ಬಾಯಾರಿಕೆಯೂ ಇರುತ್ತದೆಂದು ಯಾವ ಪಠ್ಯದಲ್ಲೂ ಇಲ್ಲವೆಂದ. ಸಿಂಧುವಿನ ಪಾಠಕ್ಕಾಗಿಯೇ ಇದು ನಡೆದದ್ದೆಂದು ನನ್ನ ನೆನಪು. ತಿಥಿ ಮಾತ್ರ ಖಚಿತವಾಗಿಲ್ಲ.

ಮಾರ್ಗಶಿರದ ಆ ಭಾನುವಾರ ಪಾಠ 'ಮೋಲ್' ಎಂಬಲ್ಲಿಗೆ ಬಂದಿತ್ತು. ಪರೀಕ್ಷೆ ಹತ್ತಿರವಿತ್ತು. ಸಿಂಧು ಪುಸ್ತಕದಲ್ಲಿದ್ದ ವ್ಯಾಖ್ಯೆಯನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಅದು ನನಗೂ ತಲುಪಲಿಲ್ಲ, ಅವಳಿಗೂ ತಲುಪಲಿಲ್ಲ. ನಾನು ನನ್ನ ವೃತ್ತಿಧರ್ಮದಂತೆ, ಈ ಸಂಖ್ಯೆಯನ್ನು ಮೊದಲು ನಿರ್ಣಯಿಸಿದವರು ಯಾರು, ಯಾವ ಇಸವಿ, ಇಸವಿಗೆ ಆಧಾರವೇನು ಎಂದು ವಿಚಾರಿಸಿದೆ. ಅವಳು ಪುಸ್ತಕ ಮುಚ್ಚಿದಳು. ಅಳುತ್ತಾಳೆಂದು ನಾನು ಹೆದರಿದೆ. ಅವಳು ಎದ್ದು ಅಡುಗೆಮನೆಗೆ ಹೋಗಿ, ಹಿಂದಿನ ವಾರ ತಾನೇ ತಂದಿದ್ದ ಕಾಯಿಗಳಲ್ಲಿ ಎರಡನ್ನು ತಂದು ನನ್ನ ಕೈಗಳಲ್ಲಿಟ್ಟಳು. ಒಂದು ದಪ್ಪ, ಒಂದು ಸಣ್ಣ.

"ಇಸ್ವಿ ಬ್ಯಾಡಿ ಸಾ. ನಾವು ಕಾಯಿ ಎಂಗೆ ಮಾರ್ತೀವಿ?"

"ಎಣಿಸಿ."

"ಕೊಬ್ರಿ?"

"ತೂಗಿ."

"ನೂರು ದಪ್ಪ ಕಾಯಿ, ನೂರು ಸಣ್ಣ ಕಾಯಿ. ಲೆಕ್ಕ ಒಂದೇ, ತೂಕ ಬ್ಯಾರೆ. ಮೋಲ್ ಅಂದ್ರೆ ಆ ಲೆಕ್ಕ ಸಾ. ಉಪ್ಪಾದ್ರೂ ಅಷ್ಟೇ, ಸಕ್ರೆ ಆದ್ರೂ ಅಷ್ಟೇ. ತೂಗಿದ್ರೆ ಮಾತ್ರ ಬ್ಯಾರೆ ಬತ್ತದೆ." ಇಲ್ಲಿ ಅವಳು ನಿಂತಳು. ಮುಂದಿನದನ್ನು ನಮಗಲ್ಲ, ತನಗೇ ಹೇಳಿಕೊಂಡಳು. "ಅದ್ಕೇ ಡ್ರಿಪ್ಪಿಗೆ ಬರೀ ನೀರು ಆಕಂಗಿಲ್ಲ. ಕರಗಿರೋ ಉಪ್ಪಿನ ಕಣದ ಲೆಕ್ಕ ಕಮ್ಮಿ ಆದ್ರೆ ರಕ್ತಕಣ ನೀರು ಕುಡ್ದು ಒಡ್ದೋಯ್ತವೆ. ಉಪ್ಪನ್ನ ತೂಗೋರು ನಾವು. ರಕ್ತ ತೂಗಲ್ಲ, ಎಣಿಸ್ತದೆ."

ನನಗೆ ಅರ್ಥವಾಯಿತು. ನಿಜವಾಗಿ! ನನಗೆ ಅರ್ಥವಾಯಿತೆಂಬ ಈ ಅಪರೂಪದ ಘಟನೆಗೆ ದಾಖಲೆಯಿರಲೆಂದೇ ಷಡ್ಡಕ ಚಿತ್ರ ತೆಗೆದದ್ದು. ಆಮೇಲೆ ಎದ್ದು ಹೋಗಿ, ಉಪ್ಪಿಟ್ಟಿಗೆ ತಾನೇ ಒಗ್ಗರಣೆ ಹಾಕಿದ.

ಪುಷ್ಯದ ಪರೀಕ್ಷೆಯಲ್ಲಿ ಸಿಂಧು ತೇರ್ಗಡೆಯಾದಳು. ಊರಿಗೆ ಹೋದಳು, ಆದರೆ ಸಂಕ್ರಾಂತಿಗೆ. ಎಳ್ಳುಬೆಲ್ಲ ತೆಗೆದುಕೊಂಡು ಮರಳಿ ಬಂದಳು. ಈಗ ಮೂರನೆಯ ವರ್ಷದಲ್ಲಿದ್ದಾಳೆ. ನನ್ನ ರಕ್ತದೊತ್ತಡ ನೋಡುವಾಗಲೂ ಮೊದಲು ನನಗೆ ವಿವರಿಸಿ, ಅರ್ಥವಾಯಿತೇ ಎಂದು ಪರೀಕ್ಷಿಸಿ, ಆಮೇಲೆ ಪಟ್ಟಿ ಬಿಗಿಯುತ್ತಾಳೆ.

ಇಲ್ಲಿಗೆ ಪ್ರಬಂಧ ಮುಗಿಯಬೇಕಿತ್ತು. ಉಳಿದಿದ್ದದ್ದು ದಾಸವಾಳದ ತಿಥಿಯೊಂದೇ. ಸಿಂಧುವಿಗೆ ಫೋನು ಮಾಡಿ ಕೇಳಿದೆ. "ಯಾವ ದಾಸವಾಳ ಸಾ? ನಾನು ನೋಡೇ ಇಲ್ವಲ್ಲ" ಎಂದಳು. ಷಡ್ಡಕನನ್ನು ಕೇಳಿದರೆ, ತಾನು ನಮ್ಮ ಮನೆಗೆ ಬರತೊಡಗಿದ್ದೇ ಆ ಹುಡುಗಿಗಾಗಿ, ಕಾರ್ತಿಕದಿಂದ ಎಂದ. ನನ್ನ ನೆನಪೂ ಅದೇ. ಎರಡು ಆಧಾರಗಳು ಹೀಗೆ ಒಪ್ಪಿದರೆ ಸಾಮಾನ್ಯವಾಗಿ ನಾನು ಮುಂದೆ ಹುಡುಕುವುದಿಲ್ಲ.

ಹುಡುಕಿದೆ. ಆ ವರ್ಷದ ಕ್ಯಾಲೆಂಡರು ಅಡುಗೆಮನೆಯ ಬಾಗಿಲ ಹಿಂದೆ ಇನ್ನೂ ತೂಗುತ್ತಿದೆ. ಹೆಚ್ಚಿಗೆ ಹಾಲು ತಂದ ದಿನ ಅದರಲ್ಲಿ ಗುರುತು ಹಾಕುವುದು ನನ್ನ ಹೆಂಡತಿಯ ಪದ್ಧತಿ. ಆಷಾಢದ ನಡುವಿಗೆ ಆಕೆಯ ಅಕ್ಷರ ನಿಲ್ಲುತ್ತದೆ. ಶ್ರಾವಣದ ಮೊದಲ ಭಾನುವಾರದಿಂದ ಗುರುತುಗಳು ಮತ್ತೆ ಶುರುವಾಗುತ್ತವೆ, ಒಂದು ಭಾನುವಾರವೂ ತಪ್ಪಿಲ್ಲ. ಭಾದ್ರಪದದ ಒಂದು ಭಾನುವಾರದ ಚೌಕದಲ್ಲಿ ಹಸಿರು ಕಲೆಯೂ ಇದೆ. ಆಗಿನ್ನೂ ಸಿಂಧುವಿನ ಕಾಲೇಜೇ ತೆರೆದಿರಲಿಲ್ಲ.

ಆ ಭಾನುವಾರಗಳಲ್ಲಿ, ಹಸಿರು ಲೋಟದ ಆ ಒಂದು ದಿನವನ್ನು ಬಿಟ್ಟರೆ, ಯಾವುದೂ ನನ್ನ ನೆನಪಿನಲ್ಲಿಲ್ಲ. ಗುರುತು ಹಾಕಿದ ಕೈ ನನ್ನದೂ ಅಲ್ಲ. ನಮ್ಮ ಮನೆಯಲ್ಲಿ ಹಾಲು ಯಾವಾಗಲೂ 'ಅರ್ಧ' ಅಥವಾ 'ಒಂದು'. ಇಲ್ಲಿ ಪ್ರತಿ ಭಾನುವಾರದ ಕೆಳಗೂ, ಪೆನ್ಸಿಲಿನಲ್ಲಿ, ಸ್ಫುಟವಾಗಿ ಬರೆದಿದೆ: ೫೦೦ ಮಿ.ಲೀ.