ಮಳೆ ಬಂದರೆ ಕೂಗುವ ಲಾರಿ

ಒಬ್ಬನೇ ಇರುವ ಮನುಷ್ಯನಿಗೆ ಮಾಡಲಾಗದ ಕೆಲಸಗಳು ನೀವು ಅಂದುಕೊಂಡಷ್ಟು ಹೆಚ್ಚಿಲ್ಲ. ಅನ್ನ ಮಾಡಿಕೊಳ್ಳಬಹುದು, ಸೀದರೆ ಬಯ್ಯುವವರಿಲ್ಲ. ಜ್ವರ ಬಂದರೆ ತನ್ನ ಹಣೆಯನ್ನು ತಾನೇ ಮುಟ್ಟಿ ನೋಡಿಕೊಳ್ಳಬಹುದು. ಕೈಯೂ ಅಷ್ಟೇ ಬಿಸಿಯಿರುವುದರಿಂದ ಜ್ವರವೇ ಇಲ್ಲವೆಂದು ತೀರ್ಮಾನವಾಗುತ್ತದೆ. ಆದರೆ ಒದ್ದೆ ಜಮಖಾನ ಹಿಂಡುವುದು ಒಬ್ಬನಿಂದ ಆಗುವ ಮಾತಲ್ಲ. ಹಳೇ ಲಾರಿಯೊಳಗೆ ಮಳೆನೀರು ಎಲ್ಲಿಂದ ಬರುತ್ತದೆಂದು ಹುಡುಕುವುದೂ ಹಾಗೆಯೇ. ಜಮಖಾನ ಒಗೆಯುವುದನ್ನು ನಾನು ಬಿಟ್ಟೇಬಿಟ್ಟಿದ್ದೆ. ಲಾರಿ ಬಿಡುವಂತಿರಲಿಲ್ಲ, ಅದು ಹೊಟ್ಟೆಪಾಡು.

ತೊಂಬತ್ತರ ದಶಕದ ಮಾತು. ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ಲಾರಿ ವೈರಿಂಗ್ ಅಂಗಡಿ. ಹೆಂಡತಿ ಗಿರಿಜಾ ಸರ್ಕಾರಿ ನರ್ಸು. ಮನೆಯಲ್ಲಿ ನಾವಿಬ್ಬರೇ, ಮಕ್ಕಳಿಲ್ಲ. ಅವಳಿಗೆ ಸೊರಬದ ಆಚೆಯ ಒಂದು ಹಳ್ಳಿಗೆ ವರ್ಗವಾಯಿತು. ಅವಳ ರಜೆ ಭಾನುವಾರ, ನಮ್ಮ ಸಾಲಿನ ಅಂಗಡಿಗಳಿಗೆ ರಜೆ ಗುರುವಾರ. ಮೊದಮೊದಲು ಭಾನುವಾರ ಬರುತ್ತಿದ್ದಳು. ಬಂದಾಗ ನಾನು ಯಾವುದಾದರೂ ಲಾರಿಯ ಕೆಳಗೆ ಮಲಗಿರುತ್ತಿದ್ದೆ. ಹೊರಗೆ ಕಾಣುತ್ತಿದ್ದ ನನ್ನ ಎರಡು ಕಾಲುಗಳ ಜೊತೆ ಮಾತಾಡಿ, ಸಾರು ಮಾಡಿಟ್ಟು, ಸಂಜೆ ಬಸ್ಸಿಗೆ ಹೋಗುತ್ತಿದ್ದಳು. ಕಾಲುಗಳೊಂದಿಗೆ ಯಾವ ಹೆಂಗಸು ಎಷ್ಟು ದಿನ ಸಂಸಾರ ಮಾಡಿಯಾಳು? ಬರುವುದು ತಿಂಗಳಿಗೊಮ್ಮೆಯಾಯಿತು, ಆಮೇಲೆ ಮಳೆಗಾಲದ ನೆಪ ಸಿಕ್ಕಿತು. ನಾನೂ ಬಾ ಎನ್ನಲಿಲ್ಲ. ಬೇಕಿದ್ದರೆ ಬರುತ್ತಾಳೆ ಎಂಬ ಹಮ್ಮು. ಹಮ್ಮಿನ ಜೊತೆ ಕೂತು ಊಟ ಮಾಡಿದರೆ ಒಂದೇ ತೊಂದರೆ: ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಅದು ಹೇಳುವುದಿಲ್ಲ.

ಇಂಥ ಹೊತ್ತಿನಲ್ಲಿ ಮಂಜಪ್ಪ ಆ ಲಾರಿ ತಂದು ನಿಲ್ಲಿಸಿದ. ಅವನು ಅದರ ಡ್ರೈವರ್. ವಾರಕ್ಕೆರಡು ಸಲ ಸೊರಬದ ಕಡೆಗೆ ಗೊಬ್ಬರದ ಚೀಲ ಸಾಗಿಸುತ್ತಿದ್ದ. ಲಾರಿಗೆ ನನ್ನಷ್ಟಲ್ಲದಿದ್ದರೂ ಸಾಕಷ್ಟು ವಯಸ್ಸಾಗಿತ್ತು. ಮಳೆ ಬಂದರೆ ಅದು ತಾನಾಗಿಯೇ ಹಾರ್ನ್ ಹೊಡೆಯುತ್ತಿತ್ತು. ಹೊಡೆಯಲು ಶುರುಮಾಡಿತೆಂದರೆ ವೈರು ಕಿತ್ತರೇ ನಿಲ್ಲುವುದು. ನಗುವ ವಿಷಯವೇ, ಆದರೆ ಹಿಂದಿನ ದಿನ ಸಂಜೆಯ ಮಳೆಯಲ್ಲಿ ತಾಳಗುಂದದ ಹತ್ತಿರ ಹಾರ್ನ್ ಕೂಗುತ್ತಿದ್ದಂತೆಯೇ ಎರಡೂ ದೀಪ ಆರಿಹೋಗಿದ್ದವು. ಎದುರಿಗೆ ಎತ್ತಿನ ಗಾಡಿ. ಮಂಜಪ್ಪ ಲಾರಿಯನ್ನು ಗದ್ದೆಗೆ ಇಳಿಸಿ ಗಾಡಿಯವನನ್ನು ಉಳಿಸಿದ್ದ.

"ಮೇಸ್ತ್ರೀ, ಈ ಸಲ ಸರಿ ಆಗ್ಲಿಲ್ಲ ಅಂದ್ರೆ ನಾನು ಸ್ಟೇರಿಂಗ್ ಮುಟ್ಟಲ್ಲ. ಮನೇಲಿ ಹೆಂಡ್ತಿ ಮಕ್ಳು ಅದಾರೆ," ಎಂದ.

ನನ್ನ ಅಂಗಡಿಯಲ್ಲಿ ಒಣಗಿ ನಿಂತಾಗ ಲಾರಿ ಎಷ್ಟು ಸಾಧುವಾಗಿರುತ್ತಿತ್ತೆಂದರೆ, ಡಾಕ್ಟರ ಮುಖ ಕಂಡೊಡನೆ ಕೆಮ್ಮು ನಿಲ್ಲಿಸುವ ರೋಗಿಯ ಹಾಗೆ. ಹಾರ್ನಿನ ರಿಲೇ ಬದಲಾಯಿಸಿದೆ, ಸ್ವಿಚ್ ಬದಲಾಯಿಸಿದೆ. ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಫ್ಯೂಸ್ ಬಾಕ್ಸಿನ ತಾಮ್ರಕ್ಕೆಲ್ಲ ಹಸಿರು ಕಿಲುಬು ಹತ್ತಿತ್ತು. ಅಂದರೆ ನೀರು ಬರುತ್ತಿದೆ. ಎಲ್ಲಿಂದ? ನೀರು ಒಳಗೆ ಬರುವುದು ಒಂದು ಕಡೆ, ವೈರಿನ ಮೇಲೆ ನಡೆದು ತೊಟ್ಟಿಕ್ಕುವುದು ಇನ್ನೊಂದು ಕಡೆ. ಒಬ್ಬ ಮೇಲಿಂದ ನೀರು ಸುರಿಯಬೇಕು, ಇನ್ನೊಬ್ಬ ಒಳಗೆ ಕೂತು ಟಾರ್ಚ್ ಬಿಟ್ಟು ನೋಡಬೇಕು. ಇಬ್ಬರೂ ನಾನೇ. ಕೊಡ ಹೊತ್ತು ಕ್ಯಾಬಿನ್ ಮೇಲೆ ಹತ್ತಿ ಸುರಿದೆ, ಜಿಗಿದೆ, ಓಡಿಬಂದು ಒಳಗೆ ತೂರಿದೆ. ಅಷ್ಟರಲ್ಲಿ ನೀರು ತನ್ನ ಕೆಲಸ ಮುಗಿಸಿ ಹೋಗಿಯಾಗಿತ್ತು. ಐದನೇ ಕೊಡಕ್ಕೆ ನನ್ನ ಮಂಡಿ ಹೋಯಿತು. ಎದುರಿನ ಹೋಟೆಲಿನಲ್ಲಿ ಕೂತವರು ಚಹಾ ಆರಿಸಿಕೊಂಡು ನೋಡುತ್ತಿದ್ದರೇ ಹೊರತು, "ನಾನು ಸುರೀತೀನಿ" ಎಂದು ಯಾರೂ ಏಳಲಿಲ್ಲ. ನಾನೂ ಕರೆಯಲಿಲ್ಲವೆನ್ನಿ.

ಆಗ ಹೊಳೆದದ್ದು ಪೌಡರಿನ ಉಪಾಯ. ಒಳಗೆಲ್ಲ ಪುಡಿ ಉದುರಿಸಿಟ್ಟರೆ ನೀರು ಹರಿದ ದಾರಿ ಗೆರೆಯಾಗಿ ಉಳಿಯುತ್ತದೆ. ಮನೆಗೆ ಹೋಗಿ ಕನ್ನಡಿಯ ಹಿಂದೆ ಗಿರಿಜಾ ಬಿಟ್ಟುಹೋಗಿದ್ದ ಪೌಡರ್ ಡಬ್ಬಿ ತಂದೆ. ಉದುರಿಸಿದೆ. ಕ್ಯಾಬಿನ್ ತುಂಬ ಆ ವಾಸನೆ. ಬಾಗಿಲು ಹಾಕಿಕೊಂಡು ಡ್ರೈವರ್ ಸೀಟಿನಲ್ಲಿ ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ, ನೀರು ಸುರಿಯುವುದು ಮಾತ್ರ ಮರೆತೇಹೋಗಿತ್ತು.

ಕೊನೆಗೆ ಸುರಿದೆ. ಮುಂದಿನ ಗಾಜಿನ ರಬ್ಬರಿನ ಮೇಲಿನ ಮೂಲೆಯಿಂದ ಪೌಡರಿನಲ್ಲಿ ಸಣ್ಣ ಗೆರೆ ಮೂಡಿತ್ತು. ಗೆದ್ದೆ ಎಂದುಕೊಂಡೆ. ಹೊಸ ರಬ್ಬರ್ ಕೂರಿಸಿ, ಕಿಲುಬು ಉಜ್ಜಿ, ಮಂಜಪ್ಪನನ್ನು ಧೈರ್ಯ ಹೇಳಿ ಕಳಿಸಿದೆ. ಅವನು ಬಾಗಿಲು ತೆಗೆದವನೇ ಮೂಗರಳಿಸಿ, "ಏನ್ರೀ ಮೇಸ್ತ್ರೀ, ಒಳಗೆ ಯಾರಿದ್ರು?" ಎಂದ. "ಯಾರೂ ಇಲ್ಲಪ್ಪ," ಎಂದೆ. ನಿಜವನ್ನು ಅಷ್ಟು ಸಪ್ಪೆ ಮುಖದಿಂದ ಹೇಳಿದರೆ ಯಾರು ನಂಬುತ್ತಾರೆ?

ಶನಿವಾರ ಮಧ್ಯಾಹ್ನ ಜೋರು ಮಳೆ. ಶಿರಾಳಕೊಪ್ಪದ ಕಡೆಯಿಂದ ಒಂದೇ ಸಮನೆ ಹಾರ್ನ್ ಕೇಳಿಸಿತು. ಹತ್ತಿರವಾಯಿತು. ಹೋಟೆಲಿನವರೆಲ್ಲ ಎದ್ದು ನಿಂತರು. ನಾನು ಒಳಗೆ ಅವಿತುಕೊಳ್ಳುವ ಜಾಗ ಹುಡುಕಿದೆ. ಲಾರಿ ಕೂಗುತ್ತಲೇ ಬಂದು ಅಂಗಡಿ ಮುಂದೆ ನಿಂತಿತು. ಮಂಜಪ್ಪ ಇಳಿದು ವೈರ್ ಕಿತ್ತ. ಆ ನಿಶ್ಶಬ್ದದಲ್ಲಿ ಎಡಗಡೆಯ ಬಾಗಿಲು ತೆರೆದು ಗಿರಿಜಾ ಇಳಿದಳು.

"ಪೌಡರ್ ಹಾಕ್ಕೊಂಡವಳು ಯಾರು ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ," ಎಂದಳು. ಮಂಜಪ್ಪ ಅವಳು ಕೆಲಸ ಮಾಡುವ ಹಳ್ಳಿಯ ಸೊಸೈಟಿಯ ಜಗುಲಿಯಲ್ಲಿ ಗೊಬ್ಬರದ ಜೊತೆಗೆ ಆ ಸುದ್ದಿಯನ್ನೂ ಇಳಿಸಿದ್ದ. ಈಗ ಅವನು ಟೈರಿನ ಗಾಳಿ ನೋಡುತ್ತಾ ಲಾರಿಯ ಹಿಂದೆ ಮರೆಯಾದ.

ನಾನು ಬಾಯಿ ತೆರೆಯುವ ಮೊದಲೇ ಅವಳು ಸೀರೆಯ ಒದ್ದೆ ನೆರಿಗೆ ತೋರಿಸಿದಳು. "ಮೊದ್ಲು ಇದನ್ನ ನೋಡ್ರಿ. ನೀರು ಗಾಜಿಂದ ಬರೋದಲ್ಲ. ವೈಪರ್ ಆ ಕಡೆಯಿಂದ ಈ ಕಡೆ ಬಂದಾಗಲೆಲ್ಲ ಅದರ ಬುಡದಿಂದ ಒಂದೊಂದು ಹನಿ. ದಾರಿ ಉದ್ದಕ್ಕೂ ನೋಡ್ತಾ ಬಂದೀನಿ."

ನಾನು ಲಾರಿಯ ಮೇಲೆ ಕೊಡಗಟ್ಟಲೆ ನೀರು ಸುರಿದಿದ್ದೆ, ಒಂದು ಸಲವೂ ವೈಪರ್ ಹಾಕಿರಲಿಲ್ಲ! ಡ್ರೈವರ್ ರಸ್ತೆ ನೋಡುತ್ತಾನೆ, ಅವನಿಗೆ ಕಂಡಿರಲಿಲ್ಲ. ವೈಪರ್ ಬಿಚ್ಚಿದೆ. ಅದರ ಕಡ್ಡಿಯ ಬುಡದ ವಾಷರ್ ಸವೆದು ಬಳೆ ಚೂರಿನಂತಾಗಿತ್ತು. ಅದರ ನೇರ ಕೆಳಗೆ ಹಾರ್ನಿನ ವೈರು, ಆ ವೈರಿನ ತುದಿಗೆ ಫ್ಯೂಸ್ ಬಾಕ್ಸು. ಅರ್ಧ ಗಂಟೆಯ ಕೆಲಸ. ಆ ಮಳೆಗಾಲ ಕಳೆಯುವವರೆಗೂ ಲಾರಿ ಮತ್ತೆ ತಾನಾಗಿ ಕೂಗಲಿಲ್ಲ, ದೀಪವೂ ಆರಲಿಲ್ಲ.

ಮನೆಯಲ್ಲಿ ಅವಳು ಖಾಲಿ ಡಬ್ಬಿಯನ್ನು ಅಲ್ಲಾಡಿಸಿ ನೋಡಿದಳು. "ಇದಕ್ಕೆ ಸೀಮೆಸುಣ್ಣದ ಪುಡಿ ಸಾಕಾಗ್ತಿರ್ಲಿಲ್ವಾ?"

"ಸಾಕಾಗ್ತಿತ್ತು," ಎಂದೆ.

ಅವಳು ಡಬ್ಬಿಯನ್ನು ಮತ್ತೆ ಕನ್ನಡಿಯ ಹಿಂದೆ ಇಟ್ಟಳು. ಮರುದಿನ ನಾನು ಅಂಗಡಿ ತೆಗೆಯಲಿಲ್ಲ, ಇಬ್ಬರೂ ಕೂತು ಊಟ ಮಾಡಿದೆವು. ಸಂಜೆ ಬಸ್ ಹತ್ತುವಾಗ, "ಗುರುವಾರ ಸೊರಬಕ್ಕೆ ಬಸ್ ಇರುತ್ತಲ್ಲ?" ಎಂದಳು. "ಇರುತ್ತೆ," ಎಂದೆ. ಬಸ್ ಹೊರಟಿತು. ವರ್ಗವಾಗಿ ಹನ್ನೊಂದು ತಿಂಗಳು. ಅಷ್ಟೂ ಗುರುವಾರ ಆ ಬಸ್ ನನ್ನ ಅಂಗಡಿಯ ಮುಂದೆಯೇ ಹಾದುಹೋಗಿತ್ತು.

ಗುರುವಾರ ಹೋದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿದ್ದೆ. ಗುರುವಾರ ಅವಳಿಗೆ ಮಕ್ಕಳಿಗೆ ಚುಚ್ಚುಮದ್ದು ಹಾಕುವ ದಿನ ಎಂಬುದು ಅಲ್ಲಿಗೆ ಹೋದಮೇಲೆ ತಿಳಿಯಿತು. ತಲೆಯೆತ್ತಲೂ ಅವಳಿಗೆ ಬಿಡುವಿರಲಿಲ್ಲ. ತಾಯಂದಿರ ಸಾಲಿನ ಬೆಂಚಿನ ತುದಿಯಲ್ಲಿ, ಅಳುವ ಕೂಸುಗಳ ನಡುವೆ ಮಧ್ಯಾಹ್ನದವರೆಗೆ ಕೂತೆ. ಪಕ್ಕದ ಹೆಂಗಸು ನನ್ನನ್ನೂ ನನ್ನ ಖಾಲಿ ತೊಡೆಯನ್ನೂ ನೋಡಿ ನೋಡಿ ಸಾಕಾಗಿ ಕೇಳಿಯೇಬಿಟ್ಟಳು:

"ಅಣ್ಣಾ, ನಿಮ್ಮ ಮಗು ಎಲ್ಲಿ?"

ಗಿರಿಜಾ ಸೂಜಿಗೆ ಔಷಧ ಎಳೆಯುತ್ತಲೇ, ಇತ್ತ ತಿರುಗದೆಯೇ ಅಂದಳು:

"ಅವರೇ ಮಗು ಕಣಮ್ಮ. ಕೂತಿರ್ಲಿ ಬಿಡು, ಕೊನೇಲಿ ನೋಡ್ತೀನಿ."