ಅಣಕು ರೋಗಿಯ ಅಸಲಿ ಪಾಡು

ಎಲ್ಲದಕ್ಕೂ ಕಾರಣ ಒಂದು ಗುಟುಕು ಚಹಾ. ಇಳಿಯಬೇಕಾದ ದಾರಿ ಬಿಟ್ಟು ಅದು ಬೇರೆ ದಾರಿ ಹಿಡಿಯಿತು. ಆರೋಗ್ಯ ಕಚೇರಿಯ ಉಗ್ರಾಣದ ಗುಮಾಸ್ತರು ತುಂಬಿದ ಸಭೆಯಲ್ಲಿ ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದರು.

ಆರೋಗ್ಯಾಧಿಕಾರಿಗಳ ಮುಖ ಅರಳಿತು. "ಆಹಾ, ಎಂಥಾ ಕೆಮ್ಮು! ಬೆಳಿಗ್ಗೆಯಿಂದ ಒಬ್ಬ ರೋಗಿಗಾಗಿ ಹುಡುಕ್ತಾ ಇದ್ದೆ. ಇವತ್ತಿನ ಮಾಕ್ ಡ್ರಿಲ್ಲಿಗೆ ನೀವೇ ರೋಗಿ."

ಊರಿಗೆ ಸಾಂಕ್ರಾಮಿಕ ರೋಗ ಬಂದರೆ ಯಾರು ಏನು ಮಾಡಬೇಕು ಎಂಬುದರ ತಾಲೀಮು ಅದು. ನೋಡಲು ಮೇಲಿನ ಕಚೇರಿಯಿಂದ ವೀಕ್ಷಕರು ಬಂದಿದ್ದರು.

"ಸಾರ್, ನಾಲ್ಕೂವರೆಗೆ ನನ್ನ ಬಸ್ಸಿದೆ..."

"ಮಧ್ಯಾಹ್ನದೊಳಗೆ ಗುಣ ಆಗ್ತೀರಿ ಬಿಡ್ರೀ."

ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಗುಮಾಸ್ತರು ಮದುವೆಯಾದ ವರ್ಷವೇ ಮಾತು ಕೊಟ್ಟಿದ್ದರು. ಹನ್ನೊಂದು ವರ್ಷದಲ್ಲಿ ಅದು ಏಳು ಸಲ ತಪ್ಪಿತ್ತು. ಏಳನೆಯ ಸಲ ಅವಳು ಜಗಳವಾಡಲಿಲ್ಲ, ಅಳಲಿಲ್ಲ, ಸುಮ್ಮನೆ ನಕ್ಕಳು. ಆ ನಗೆಯನ್ನು ನೆನೆದರೆ ಗುಮಾಸ್ತರಿಗೆ ಈಗಲೂ ಕೈಕಾಲು ತಣ್ಣಗಾಗುತ್ತಿತ್ತು. ಇವತ್ತಿನದು ಎಂಟನೆಯ ಸಲ; ಬಸ್ಸಿನ ಟಿಕೆಟ್ ಆಗಲೇ ಹೆಂಡತಿಯ ಕೈಸೇರಿತ್ತು.

ಸ್ಟ್ರೆಚರಿಗೆ ಅವರನ್ನು ಬಿಗಿದವನು ಎದುರು ಮನೆಯವನೇ ಆದ ಆಂಬುಲೆನ್ಸ್ ಡ್ರೈವರ್. "ಕಿಟಕಿ ಪಕ್ಕದ ಸೀಟಾ ಸಾರ್? ಪುಣ್ಯವಂತರು. ನಮ್ಮನೆಯವಳೂ ಸಮುದ್ರ ಸಮುದ್ರ ಅಂತ ನನ್ನ ಪ್ರಾಣ ತಿಂತಾಳೆ," ಎಂದು ನಿಟ್ಟುಸಿರು ಬಿಟ್ಟು ಸೈರನ್ ಹಾಕಿದ.

ವಾರ್ಡಿನ ನರ್ಸ್ ಅಕ್ಕ ನಿಯಮದ ಹೆಂಗಸು. ಗುಮಾಸ್ತರ ಅಂಗಿ, ಪ್ಯಾಂಟು ಕುದಿಯುವ ನೀರಿಗೆ ಹೋದವು. ಫೋನು ಪ್ಲಾಸ್ಟಿಕ್ ಚೀಲದೊಳಗೆ ಮೊಹರಾಯಿತು. ಮೈಮೇಲೆ ಉಳಿದದ್ದು ಬೆನ್ನ ಹಿಂದೆ ಲಾಡಿ ಕಟ್ಟುವ ಆಸ್ಪತ್ರೆಯ ನಿಲುವಂಗಿ, ಅದೂ ಎರಡು ಲಾಡಿ ಕಿತ್ತುಹೋದದ್ದು. ಹರಿದ ನಿಲುವಂಗಿಗಳನ್ನು ವಾಪಸ್ ಕಳಿಸದೆ ಉಗ್ರಾಣದಲ್ಲಿ ಸೇರಿಸಿಕೊಂಡವರು ಅವರೇ.

ಹನ್ನೆರಡಕ್ಕೆ ಡಾಕ್ಟರು 'ಗುಣವಾಗಿದೆ' ಎಂದು ಸಹಿ ಹಾಕಿದರು. ಗುಮಾಸ್ತರು ಟಣ್ಣನೆ ಮಂಚದಿಂದಿಳಿದರು.

"ಮಲ್ಕೊಳ್ಳಿ. ಇನ್ನೊಂದು ಸಹಿ ಬೇಕು," ಅಂದಳು ನರ್ಸಕ್ಕ. "ಹಾಸಿಗೆ, ಹೊದಿಕೆ ವಾಪಸ್ ಬಂದಿದೆ ಅಂತ ಉಗ್ರಾಣದ ಗುಮಾಸ್ತರ ಸಹಿ."

"ನಾನೇ ಅಲ್ವೇನಮ್ಮ ಆ ಗುಮಾಸ್ತ! ಕೊಡಿ ಇಲ್ಲಿ."

"ನೀವು ರೋಗಿ. ರೋಗಿಗಳು ಕಾಗದ, ಪೆನ್ನು ಮುಟ್ಟೋ ಹಾಗಿಲ್ಲ. ಕೈಪಿಡಿ, ಏಳನೇ ಪುಟ."

"ಯಾವ ಮಹಾನುಭಾವ ಬರೆದದ್ದು ಅದನ್ನ?"

"ನೀವೇ ಅಲ್ವಾ? ಅಕ್ಷರ ನೋಡಿ, ಎಷ್ಟು ಮುದ್ದಾಗಿದೆ!"

ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು. ಕಚೇರಿಯಲ್ಲಿ ಬೇರೆ ಯಾರ ಅಕ್ಷರವೂ ಓದುವಂತಿಲ್ಲವೆಂದು ಕೈಪಿಡಿಯಿಂದ ಹಿಡಿದು ಮನೆಮನೆಗೆ ಹಂಚುವ ಕರಪತ್ರದವರೆಗೆ ಎಲ್ಲವನ್ನೂ ಅವರೇ ಬರೆದಿದ್ದರು. ಕರಪತ್ರದ ಒಂದು ಪ್ರತಿಯನ್ನು ಹೆಮ್ಮೆಯಿಂದ ತಮ್ಮ ಅಡುಗೆಮನೆಯ ಗೋಡೆಗೂ ಅಂಟಿಸಿದ್ದರು.

ಎರಡು ಗಂಟೆಗೆ ವೀಕ್ಷಕರು ವಾರ್ಡಿಗೆ ಬಂದಾಗ ಗುಮಾಸ್ತರು ಕೈಮುಗಿದರು. "ಸ್ವಾಮಿ, ನನಗೆ ಯಾವ ರೋಗಾನೂ ಇಲ್ಲ, ಬಿಟ್ಬಿಡಿ!"

"ಭೇಷ್! ನಿಜವಾದ ರೋಗಿಗಳೂ ಮೊದಲು ಹೀಗೇ ಹೇಳೋದು," ಎಂದು ವೀಕ್ಷಕರು ಬರೆದುಕೊಂಡು ಮುಂದೆ ಹೋದರು.

ಮೂರಕ್ಕೆ ಗುಮಾಸ್ತರ ತಾಳ್ಮೆ ತಪ್ಪಿತು. ಬಚ್ಚಲಿನ ಕಿಟಕಿಯಿಂದ ಹಿತ್ತಲಿಗೆ ಹಾರಿ, ಒಂದು ಕೈಯಲ್ಲಿ ನಿಲುವಂಗಿಯ ಹಿಂಭಾಗ ಹಿಡಿದುಕೊಂಡು ಬೀದಿಯಲ್ಲಿ ಓಡಿದರು. ಡ್ರಿಲ್ಲಿಗೆಂದು ಕೊರಳಿಗೆ ಹಾಕಿದ್ದ 'ಸೋಂಕಿತ' ಎಂಬ ಕೆಂಪು ಫಲಕ ಹಾಗೇ ನೇತಾಡುತ್ತಿತ್ತು. ಹಾಲಿನಂಗಡಿಯ ಮುಂದಿನ ಸಾಲು ಎರಡಾಗಿ ಸೀಳಿ ಅವರಿಗೆ ದಾರಿ ಬಿಟ್ಟಿತು. ಅಷ್ಟು ಮರ್ಯಾದೆ ಅವರಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಮನೆಗೆ ಬೀಗ! ಬಾಗಿಲ ಮೇಲೆ ಹೆಂಡತಿಯ ಕೈಬರಹದ ಚೀಟಿ: 'ಮನೆಯವರಿಗೆ ಸೋಂಕು. ನಾನು ಆಸ್ಪತ್ರೆಗೆ ಹೋಗಿ ಪ್ರತ್ಯೇಕ ಕೋಣೆ ಸೇರಿದ್ದೇನೆ. ಯಾರೂ ಹತ್ತಿರ ಬರಬೇಡಿ.'

ಏದುಸಿರು ಬಿಡುತ್ತಾ ಗುಮಾಸ್ತರು ಬಂದ ದಾರಿಯಲ್ಲೇ ವಾಪಸ್ ಓಡಿದರು. ವಾರ್ಡಿನ ಪಕ್ಕದ ಕೋಣೆಯ ಗಾಜಿನ ಆಚೆ ಅವಳು ತಾನೇ ಬಾಗಿಲು ಹಾಕಿಕೊಂಡು ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು.

"ನನಗೇನೂ ಆಗಿಲ್ಲ ಕಣೇ! ಬರೀ ಡ್ರಿಲ್ಲು! ಏಳು, ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ!"

"ಸುಳ್ಳು ಹೇಳ್ಬೇಡಿ. 'ಏನೂ ಆಗಿಲ್ಲ ಎಂದು ಯಾರು ಹೇಳಿದರೂ ನಂಬಬೇಡಿ.' ನಿಮ್ಮ ಕರಪತ್ರದ ಎಂಟನೇ ಸಾಲು."

ನರ್ಸಕ್ಕ ಬಂದು ಪ್ರಮಾಣ ಮಾಡಿದ ಮೇಲೆ ಅವಳು ಕಣ್ಣೊರೆಸಿಕೊಂಡು, "ದೇವರು ದೊಡ್ಡವನು," ಅಂದಳು.

"ದೇವರಿಗೆ ಆಮೇಲೆ ಕೈಮುಗಿಯೋಣ. ಟಿಕೆಟ್ ಎಲ್ಲಿ?"

"ಟಿಕೆಟ್ಟಾ? ಹತ್ತನೇ ಸಾಲಲ್ಲಿ 'ಪ್ರಯಾಣ ಕೈಬಿಡಿ' ಅಂತ ಬರೆದಿದ್ದೀರಲ್ರೀ. ಸುಮ್ಮನೆ ಹಾಳಾಗೋದ್ಯಾಕೆ ಅಂತ ಕೊಟ್ಟುಬಿಟ್ಟೆ."

"ಯಾರಿಗೆ?"

"ಸುದ್ದಿ ತಂದವರಿಗೇ. ಎದುರು ಮನೆ ಡ್ರೈವರಿಗೆ. ನಿಮ್ಮ ಸ್ಥಿತಿ ಹೇಳುವಾಗ ಪಾಪ, ಗಂಟಲು ಕಟ್ಟಿ ಮಾತೇ ಹೊರಡ್ಲಿಲ್ಲ. ಬೇಡ ಬೇಡ ಅಂತಲೇ ಇಸ್ಕೊಂಡ್ರು."

ಗುಮಾಸ್ತರು ಗಾಜಿಗೆ ಹಣೆ ಚಚ್ಚಿಕೊಂಡರು. "ಅಯ್ಯೋ, ಬೆಳಿಗ್ಗೆ ನನ್ನನ್ನ ಸ್ಟ್ರೆಚರಿಗೆ ಕಟ್ಟಿ ಇಲ್ಲಿಗೆ ತಂದವನೇ ಅವನು ಕಣೇ! ಇದು ಡ್ರಿಲ್ಲು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು!"

ಹೆಂಡತಿ ಜಗಳವಾಡಲಿಲ್ಲ, ಅಳಲಿಲ್ಲ. ಸುಮ್ಮನೆ ನಕ್ಕಳು.

ಗುಮಾಸ್ತರು ಮೆಲ್ಲಗೆ ನರ್ಸಕ್ಕನ ಕಡೆ ತಿರುಗಿದರು. "ನನ್ನ ಹಾಸಿಗೆ ಇನ್ನೂ ಖಾಲಿ ಇದೆಯೇನಮ್ಮ?"