ಗುಳ್ಳೆ ಹುಡುಕಿ ಹೊರಟ ಕಾರಕೂನ

ಎಲ್ಲದಕ್ಕೂ ಕಾರಣ ಆ ಹಾಳು ವಾರಪತ್ರಿಕೆ. ಅದರಲ್ಲಿ ಯಾರೋ ಪುಣ್ಯಾತ್ಮ ಹಿಮಾಲಯದಲ್ಲಿ ಇಪ್ಪತ್ತು ದಿನ ನಡೆದ ಕತೆ ಬರೆದಿದ್ದ. ಕಾಲಿಗೆದ್ದ ಗುಳ್ಳೆ, ಬುತ್ತಿ ಕಸಿದ ಮಂಗ, ಬೆನ್ನಟ್ಟಿದ ನಾಯಿ, ತಪ್ಪಿದ ದಾರಿ. ರೋಣದ ಮಾಮಲೇದಾರ ಕಚೇರಿಯ ಕಾರಕೂನ ಅಂದಾನೆಪ್ಪ ಅದನ್ನೋದಿ ಹೊಟ್ಟೆ ಹುಣ್ಣಾಗುವಂತೆ ನಕ್ಕ. ನಕ್ಕಾದ ಮೇಲೆ ತಲೆಯಲ್ಲೊಂದು ಹುಳ ಹೊಕ್ಕಿತು: ನಡೆದವನಿಗೆ ಗುಳ್ಳೆ ಎದ್ದರೆ ಓದಿದವನಿಗೆ ನಗು ಯಾಕೆ ಬರಬೇಕು?

ಅವನೂ ಬರೆಯುವವನೇ. ಮೂರು ಲೇಖನ ಕಳಿಸಿದ್ದ. ಮೂರೂ ಹೋದ ದಾರಿಯಲ್ಲೇ ತಿರುಗಿ ಬಂದಿದ್ದವು. ಈ ಸಲ ಸಂಪಾದಕರು ಕಾರ್ಡು ಬರೆದಿದ್ದರು: "ಅನುಭವಿಸಿ ಬರೆಯಿರಿ. ದೀಪಾವಳಿ ಸಂಚಿಕೆಯಲ್ಲಿ ಎರಡು ಪುಟ ಇಟ್ಟಿದ್ದೇನೆ." ಎರಡು ಪುಟ! ಭಾನುವಾರ ನಸುಕಿನಲ್ಲೇ ಅಂದಾನೆಪ್ಪ ಗಜೇಂದ್ರಗಡಕ್ಕೆ ಇಪ್ಪತ್ತು ಮೈಲಿ ನಡೆಯಲು ಸಿದ್ಧನಾದ. ಗುಳ್ಳೆ ಬೇಗ ಏಳಲೆಂದು ಹೊಸ ಚಪ್ಪಲಿ ಮೆಟ್ಟಿದ.

ಹೆಂಡತಿ ಚನ್ನವ್ವ ಕೋಳಿ ಕೂಗುವ ಮೊದಲೇ ಎದ್ದು ಆರು ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಟ್ಟಳು. "ಬಸ್ಸ್ ಇದ್ದಾಗ ನಡದ ಹೋಗೂದೇನ್ರಿ? ಮಂದಿ ನಗತಾರ."

"ಮಂದಿ ನಗಲಿ ಅಂತನ ಹೊಂಟೇನಿ," ಎಂದ ಅಂದಾನೆಪ್ಪ.

ಬುತ್ತಿ ಕಸಿಯಲು ದಾರಿಯಲ್ಲಿ ಒಂದು ಮಂಗವೂ ಸಿಗಲಿಲ್ಲ. ಕೊನೆಗೆ ತಾನೇ ಒಂದು ನಾಯಿಗೆ ಆರೂ ರೊಟ್ಟಿ ಹಾಕಿದ. ಬೆನ್ನಟ್ಟಬೇಕಾಗಿದ್ದ ನಾಯಿ ಬಾಲ ಅಲ್ಲಾಡಿಸುತ್ತ ಅಬ್ಬಿಗೇರಿಯವರೆಗೂ ಜೊತೆಗೆ ಬಂತು. ದಾರಿ ತಪ್ಪೋಣವೆಂದರೆ ಎರೆನೆಲದ ಬಯಲಿನಲ್ಲಿ ಮುಂದಿನ ಊರು ಮೂರು ಮೈಲಿಯಿಂದಲೇ ಕಾಣುತ್ತಿತ್ತು.

ಅಬ್ಬಿಗೇರಿಯಲ್ಲಿ ಕಳಕವ್ವ ಎಂಬ ಮುದುಕಿ ಕಟ್ಟೆಯ ಮೇಲಿಂದಲೇ ತಡೆದಳು.

"ಯಾಕೋ ತಮ್ಮಾ, ಬಸ್ಸ್ ಬಿಟ್ಟು ನಡಕೋತ ಹೊಂಟಿ? ಯಾರರ ಸತ್ತಾರೇನು?"

"ಇಲ್ಲಬೇ. ಸುಮ್ಮನ ನಡ್ಯಾಕ ಹತ್ತೇನಿ."

"ಸುಮ್ಮನ ಯಾರ್ ನಡೀತಾರ? ಹರಕಿ ಐತೇನು?"

"ಇಲ್ಲ."

"ಹಂಗಾರ ಹೇಣ್ತಿ ಕೂಡ ಜಗಳಾಡಿ ಮನಿ ಬಿಟ್ಟು ಬಂದಿ!"

ಕಟ್ಟೆಯ ಮೇಲಿದ್ದವರೆಲ್ಲ ಹೌದೆಂದು ತಲೆದೂಗಿದರು. ಅಂದಾನೆಪ್ಪನಿಗೆ ಕುತೂಹಲ ತಡೆಯಲಾಗಲಿಲ್ಲ. ಹೌದೆಂದರೆ ಏನಾಗುತ್ತದೋ ನೋಡೋಣ, ಅರ್ಧ ಪುಟವಾದರೂ ತುಂಬೀತು. "ಹೌದಬೇ," ಎಂದು ಮುಖ ಸಣ್ಣದು ಮಾಡಿದ. "ಒಂದು ರೊಟ್ಟೀನೂ ಕಟ್ಟಿ ಕೊಡಲಿಲ್ಲ."

ಅಷ್ಟೇ ಸಾಕಾಯಿತು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು ಬಂದವು. ಆಗಷ್ಟೇ ಏಳುತ್ತಿದ್ದ ಗುಳ್ಳೆಗೆ ಕಳಕವ್ವ ಔಡಲೆಣ್ಣೆ ಸವರಿ ಅದನ್ನೂ ಅಡಗಿಸಿದಳು. ಅಷ್ಟರಲ್ಲಿ ರೋಣಕ್ಕೆ ಹೊರಟ ಬಸ್ಸಿನ, ಕಾರಕೂನನ ಮನೆ ಬಲ್ಲ ಕಂಡಕ್ಟರನ ಕಿವಿಗೂ ಸುದ್ದಿ ಬಿತ್ತು. ಉಂಡ ಭಾರಕ್ಕೆ ತೂಕಡಿಸುತ್ತಿದ್ದವನನ್ನು ಕಚೇರಿಯಲ್ಲಿ ಅವನನ್ನು ಕಂಡಿದ್ದ ದುರಗಪ್ಪನೆಂಬ ರೈತನ ಚಕ್ಕಡಿಯಲ್ಲಿ ಮಲಗಿಸಿದರು. ದಾರಿಯಲ್ಲಿ ಎದುರಿನಿಂದ ಬಂದ ಬಸ್ಸೊಂದು ಮುಖಕ್ಕೆ ಧೂಳು ಹೊಡೆದು ಹೋದಾಗಲೂ ಅವನಿಗೆ ಪೂರ್ತಿ ಎಚ್ಚರವಾಗಲಿಲ್ಲ.

"ಇಳೀರಿ ಕಾರಕೂನರ, ಊರು ಬಂತು," ಎಂದ ದುರಗಪ್ಪ.

"ಗಜೇಂದ್ರಗಡೇನು?"

"ರೋಣರೀ. ಮನಿ ಬಿಟ್ಟು ಬಂದಾವ್ರನ್ನ ಮನೀಗೇ ಮುಟ್ಟಸಬೇಕಲ್ರಿ?"

ಮನೆಗೆ ಬೀಗ. ನೆರೆಮನೆಯ ಜಮಾಲಬಿ ಕೀಲಿಕೈ ತಂದುಕೊಟ್ಟಳು. "ಅಕ್ಕಾ ಮೂರರ ಬಸ್ಸಿಗೆ ಗಜೇಂದ್ರಗಡಕ್ಕ ತವರಮನೀಗೆ ಹೋದ್ಳರಿ, ಅಣ್ಣಾರ. ಒಂದು ರೊಟ್ಟೀನೂ ಕಟ್ಟಿ ಕೊಡಲಿಲ್ಲ ಅಂದ್ರಂತಲ್ಲ? ಕಂಡಕ್ಟರ ಇಡೀ ಓಣಿಗೆ ಕೇಳೂವಂಗ ಹೇಳಿ ಹೋದ. ಇವತ್ತ ಬಂದು ಕರದ್ರ ಸರಿ, ಇಲ್ಲಾಂದ್ರ ಹೊಳ್ಳಿ ಬರೂದಿಲ್ಲ ಅಂದಾಳ."

"ಮುಂದಿನ ಬಸ್ಸು?"

"ನಾಳೆ ಮುಂಜಾನಿ."

ಚನ್ನವ್ವ ಆಡಿದ ಮಾತು ತಪ್ಪುವವಳಲ್ಲ. ನಸುಕಿನಲ್ಲಿ ರೊಟ್ಟಿ ಬಡಿಯುತ್ತಿದ್ದ ಅವಳ ಕೈ ಕಣ್ಣಿಗೆ ಕಟ್ಟಿ ಅಂದಾನೆಪ್ಪನಿಗೆ ನಿಜವಾಗಿಯೂ ನಾಚಿಕೆಯಾಯಿತು. ಮತ್ತೆ ಅದೇ ಚಪ್ಪಲಿ ಮೆಟ್ಟಿ ಹೊರಟ.

ಹೊತ್ತು ಮುಳುಗುವಾಗ ಕುಂಟುತ್ತ ಅಬ್ಬಿಗೇರಿ ಮುಟ್ಟಿದ. ಕಳಕವ್ವ ನೀರು ಕೊಟ್ಟಳು, ಕೂಡ್ರು ಎನ್ನಲಿಲ್ಲ.

"ಇಲ್ಲಿ ಬಸ್ಸ್ ನಿಂತಾಗ ನಿನ್ನ ಹೇಣ್ತಿ ಆರು ರೊಟ್ಟಿ ಕತಿ ಹೇಳಿ ಹೋಗ್ಯಾಳ, ಸುಳ್ಳಪ್ಪಾ. ನಡಿ, ನಿಂದ್ರಬ್ಯಾಡ."

"ಯವ್ವಾ, ಒಂದು ಚಕ್ಕಡಿ..."

"ಚಕ್ಕಡಿ ಮನೀಗೆ ಹೋಗಾವ್ರಿಗೆ. ಹೇಣ್ತೀನ ಕರ್ಯಾಕ ಹೋಗಾವ್ರು ನಡಕೋತನ ಹೋಗಬೇಕು."

ಬೆಳಗಿನ ನಾಯಿ ಬಂದು ಅವನ ಕೈ ಮೂಸಿ ನೋಡಿತು. ರೊಟ್ಟಿ ಇಲ್ಲವೆಂದು ಖಾತ್ರಿಯಾದ ಮೇಲೆ ಬೊಗಳುತ್ತ ಬೆನ್ನಟ್ಟಿತು. ಅಂದಾನೆಪ್ಪ ಒಂದು ಚಪ್ಪಲಿ ಬಿಟ್ಟು ಓಡಿದ. ಹಿಮ್ಮಡಿಯ ಗುಳ್ಳೆ ಒಡೆಯಿತು. ಕಟ್ಟೆಯ ಮೇಲಿದ್ದವರು ಬಿದ್ದು ಬಿದ್ದು ನಕ್ಕರು.

ಪತ್ರಿಕೆ ಓದಿದಂದಿನ ಪ್ರಶ್ನೆಗೆ ಅವನಿಗೆ ಉತ್ತರ ಸಿಕ್ಕಿತ್ತು. ನಗು ಬರಬೇಕಾದರೆ ಕಾಲು ಇನ್ನೊಬ್ಬನದಾಗಿರಬೇಕು. ಇದು ಅವನದೇ ಕಾಲು, ಗಜೇಂದ್ರಗಡ ಇನ್ನೂ ಹದಿನಾಲ್ಕು ಮೈಲಿ ಇತ್ತು.